ನಿಕ್ಕಲು ಬೆರೆತ ಕಬ್ಬಿಣ

ಲೋಹಗಳಲ್ಲಿ ಕಬ್ಬಿಣದಷ್ಟು ನಮಗೆ ಪರಿಚಿತವಾದುದು ಬೇರೊಂದಿಲ್ಲ. ತೋಟದ ಹಾರೆ, ಗದ್ದೆಯ ಕತ್ತಿ, ಅಡುಗೆ ಮನೆಯ ಮೆಟ್ಟುಕತ್ತಿ, ಬಾವಿಯ ರಾಟೆ, ಬಸ್ಸಿನ ಚಕ್ರ, ಎಲ್ಲವೂ ಕಬ್ಬಿಣದ ಮಕ್ಕಳೇ. ಕಾರ್ಕಳದ ಮೂಡು ದಿಕ್ಕಿನಲ್ಲಿ ಎದ್ದು ನಿಂತಿರುವ ಕುದುರೆಮುಖದ ಬೆಟ್ಟಗಳ ಒಡಲಲ್ಲಿರುವುದೂ ಕಬ್ಬಿಣದ ಅದಿರೇ. ಅದು ಸಾಮಾನ್ಯ ಅದಿರೂ ಅಲ್ಲ. ಮ್ಯಾಗ್ನೆಟೈಟ್ ಎಂಬ ಜಾತಿಯದು, ಸೂಜಿಗಲ್ಲಿನ ಬಳಗಕ್ಕೆ ಸೇರಿದುದು. ಇಷ್ಟು ಹತ್ತಿರದ ಲೋಹವಾದರೂ ಅದರ ಒಂದು ಗುಣದ ಕಡೆಗೆ ನಮ್ಮ ಗಮನ ಹರಿಯುವುದು ಕಡಿಮೆ. ಅದೇ ಕಾಂತತೆಯನ್ನು ತನ್ನೊಳಗೆ ಬರಮಾಡಿಕೊಳ್ಳುವ ಗುಣ. ಕಬ್ಬಿಣಕ್ಕೆ ನಿಕ್ಕಲನ್ನು ತಕ್ಕ ಪ್ರಮಾಣದಲ್ಲಿ ಬೆರೆಸಿ, ತಕ್ಕ ರೀತಿಯಲ್ಲಿ ಕಾಯಿಸಿ ತಣಿಸಿದರೆ ಈ ಗುಣವು ನೂರಾರು ಪಟ್ಟು ಹೆಚ್ಚುತ್ತದೆ. ಅದು ಹೇಗೆ, ಏಕೆ, ಅದರಿಂದ ನಮಗೇನು ಪ್ರಯೋಜನ ಎಂಬುದನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶ.

ಬಿ.ಎ. ತರಗತಿಯಲ್ಲಿ ಇತಿಹಾಸ, ಅರ್ಥಶಾಸ್ತ್ರಗಳನ್ನು ಓದುವ ನನಗೆ ಈ ಉಸಾಬರಿ ಏಕೆಂದು ವಿಜ್ಞಾನ ಬಲ್ಲ ಮಿತ್ರರು ಕೇಳಬಹುದು. ಕಾರಣವಿದೆ. ನನ್ನ ತಂದೆಯವರು ಮನೆಗಳ ವಯರಿಂಗ್ ಕೆಲಸ ಮಾಡುವವರು. ಏಳನೆಯ ತರಗತಿಗೆ ಶಾಲೆ ಬಿಟ್ಟವರು. ತಾಯಿ ಬೀಡಿ ಕಟ್ಟುವವರು. ನಮ್ಮ ಮನೆಯಿಂದ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೇ ಮೊದಲು. ಶಾಕ್ ಹೊಡೆಯದಂತೆ ಕಾಯುವ ಸ್ವಿಚ್ಚೊಂದು ಕೆಟ್ಟುಹೋದಾಗ ತಂದೆಯವರು ಅದನ್ನು ಬಿಚ್ಚಿ, ಒಳಗಿದ್ದ ಸಣ್ಣ ಬಳೆಯಂತಹ ವಸ್ತುವನ್ನು ನನ್ನ ಕೈಗಿತ್ತು, "ಇದು ಕಬ್ಬಿಣದ ಹಾಗೆಯೇ ಉಂಟು. ಸಾದಾ ಕಬ್ಬಿಣ ಹಾಕಿದರೆ ಯಾಕೆ ಆಗುವುದಿಲ್ಲ ಮಗಾ? ನೀನು ಓದಿದವಳಲ್ಲವಾ, ಹೇಳು" ಎಂದರು. ಓದಿದವರಿಗೆ ಓದದವರು ಕೇಳುವ ಪ್ರಶ್ನೆಗೆ ಉತ್ತರ ಹುಡುಕುವುದು ಓದಿನ ಋಣವೆಂದೇ ನಾನು ತಿಳಿದಿದ್ದೇನೆ. ಮನೆಯಲ್ಲಿ ನಾವಾಡುವುದು ತುಳು, ಶಾಲೆಯಲ್ಲಿ ಕಲಿತದ್ದು ಕನ್ನಡ, ಈ ವಿಷಯದ ಪುಸ್ತಕಗಳಿರುವುದು ಇಂಗ್ಲಿಷಿನಲ್ಲಿ. ಆದರೆ ಕೋಟದ ಶಿವರಾಮ ಕಾರಂತರು 'ವಿಜ್ಞಾನ ಪ್ರಪಂಚ'ದ ಸಂಪುಟಗಳನ್ನು ಕನ್ನಡದಲ್ಲಿ ಬರೆದ ನಾಡು ಇದು. ಕನ್ನಡದಲ್ಲಿ ಹೇಳಲಾಗದು ಎಂಬ ನೆವವನ್ನು ಇಲ್ಲಿ ಯಾರೂ ಒಡ್ಡುವಂತಿಲ್ಲ.

ಕಾಂತ ಪಾರಗಮ್ಯತೆ ಎಂದರೇನು?

ಮಳೆಗಾಲದಲ್ಲಿ ಅಡಿಕೆ ತೋಟವನ್ನು ನೋಡಿದವರಿಗೆ ಈ ವಿಷಯವನ್ನು ತಿಳಿಸುವುದು ಕಷ್ಟವಲ್ಲ. ತೋಟದ ಮೇಲೆ ಬಿದ್ದ ನೀರು ಎಲ್ಲ ಕಡೆಗೂ ಸಮನಾಗಿ ಹರಿಯುವುದಿಲ್ಲ. ಸಾಲುಗಳ ನಡುವೆ ಕಣಿ ತೋಡಿದ್ದರೆ ಸುತ್ತಲಿನ ನೀರೆಲ್ಲ ಆ ಕಣಿಯನ್ನೇ ಹುಡುಕಿಕೊಂಡು ಬಂದು ಅದರೊಳಗೆ ಸೇರುತ್ತದೆ. ಕಾಂತಬಲದ ರೇಖೆಗಳ ಸ್ವಭಾವವೂ ಹೆಚ್ಚು ಕಡಿಮೆ ಹೀಗೆಯೇ. ಗಾಳಿ, ಮರ, ತಾಮ್ರ ಮುಂತಾದವುಗಳಲ್ಲಿ ಅವಕ್ಕೆ ವಿಶೇಷ ಆದರವಿಲ್ಲ. ಕಬ್ಬಿಣ ಸಿಕ್ಕಿತೆಂದರೆ ಅವು ಆ ದಾರಿಯಲ್ಲಿ ಒಟ್ಟುಗೂಡುತ್ತವೆ. ಒಂದು ವಸ್ತುವು ಕಾಂತರೇಖೆಗಳಿಗೆ ಎಷ್ಟರಮಟ್ಟಿಗೆ ಇಂತಹ ಕಣಿಯಾಗಬಲ್ಲುದು ಎಂಬುದರ ಅಳತೆಯೇ ಪರ್ಮಿಯಬಿಲಿಟಿ. ಇದನ್ನು ಕನ್ನಡದಲ್ಲಿ ಕಾಂತ ಪಾರಗಮ್ಯತೆ ಎನ್ನೋಣ.

ಗಾಳಿಯ ಪಾರಗಮ್ಯತೆಯನ್ನು 1 ಎಂದು ಇಟ್ಟುಕೊಂಡರೆ, ಸಾಮಾನ್ಯ ಕಬ್ಬಿಣದ ಆರಂಭದ ಪಾರಗಮ್ಯತೆ ಸುಮಾರು 200. ಕ್ಷೇತ್ರವನ್ನು ಏರಿಸುತ್ತ ಹೋದಂತೆ ಅದು ಸುಮಾರು 5,000ದ ವರೆಗೆ ಏರಬಲ್ಲುದು. ಇಲ್ಲಿ 'ಆರಂಭದ' ಎಂಬ ಮಾತನ್ನು ಓದುಗರು ಗಮನಿಸಬೇಕು. ಬಲವಾಗಿ ನೂಕಿದಾಗ ಅಲುಗುವುದು ಒಂದು ಗುಣ. ಮೆಲ್ಲಗೆ ಮುಟ್ಟಿದೊಡನೆ ಅಲುಗುವುದು ಇನ್ನೊಂದು ಗುಣ. ವಿದ್ಯುತ್ ಮೋಟರಿಗೆ ಮೊದಲನೆಯದು ಸಾಕು. ದೂರದ ಸಮುದ್ರದಾಚೆಯಿಂದ ಬರುವ ತಂತಿ ಸಂದೇಶ, ಮನುಷ್ಯನ ಮೈಮೂಲಕ ಸೋರುವ ಅಲ್ಪ ವಿದ್ಯುತ್ತು, ಮಿದುಳಿನ ಮಿಡಿತ, ಇಂತಹ ಕ್ಷೀಣ ಸಂಗತಿಗಳನ್ನು ಹಿಡಿಯಲು ಎರಡನೆಯ ಗುಣವೇ ಬೇಕು.

ಸಮುದ್ರದ ತಳದಲ್ಲಿ ಹುಟ್ಟಿದ ಪ್ರಶ್ನೆ

ಈ ಮಿಶ್ರಲೋಹದ ಇತಿಹಾಸವು ಸಮುದ್ರದ ತಳದ ತಂತಿಗಳೊಂದಿಗೆ ಹೆಣೆದುಕೊಂಡಿದೆ. 1866ರಲ್ಲಿ ಅಟ್ಲಾಂಟಿಕ್ ಸಾಗರದ ತಳದಲ್ಲಿ ಬಾಳಿಕೆಯ ತಂತಿ ಹಾಸಿದರು. 1870ರಲ್ಲಿ 'ಗ್ರೇಟ್ ಈಸ್ಟರ್ನ್' ಎಂಬ ಹಡಗು ಅರಬ್ಬೀ ಸಮುದ್ರದಲ್ಲಿ ತಂತಿ ಹಾಸಿ ಮುಂಬಯಿಯನ್ನು ಏಡನ್ನಿಗೆ ಜೋಡಿಸಿತು. ಆದರೆ ಈ ತಂತಿಗಳಿಗೆ ಒಂದು ದೊಡ್ಡ ದೋಷವಿತ್ತು. ನೀರಿನೊಳಗಿನ ಉದ್ದ ತಂತಿಯು ವಿದ್ಯುತ್ತನ್ನು ಸ್ವಲ್ಪ ಹಿಡಿದಿಟ್ಟುಕೊಂಡು ನಿಧಾನವಾಗಿ ಬಿಡುತ್ತದೆ. ಆದುದರಿಂದ ಒಂದು ತುದಿಯಲ್ಲಿ ಸ್ಪಷ್ಟವಾಗಿ ಬಡಿದ ಚುಕ್ಕೆ ಗೆರೆಗಳು ಇನ್ನೊಂದು ತುದಿಯನ್ನು ಸೇರುವ ಹೊತ್ತಿಗೆ ಒಂದಕ್ಕೊಂದು ಕಲಸಿಹೋಗುತ್ತಿದ್ದವು. ನಿಧಾನವಾಗಿ ಕಳುಹಿಸುವುದೊಂದೇ ಉಪಾಯವಾಗಿತ್ತು.

ಇದಕ್ಕೆ ಪರಿಹಾರವನ್ನು ಲೆಕ್ಕದ ಮೂಲಕ ಸೂಚಿಸಿದವನು ಇಂಗ್ಲೆಂಡಿನ ಆಲಿವರ್ ಹೆವಿಸೈಡ್. ಹದಿನಾರನೆಯ ವಯಸ್ಸಿಗೇ ಶಾಲೆ ಬಿಟ್ಟು, ತಂತಿ ಕಚೇರಿಯಲ್ಲಿ ದುಡಿದು, ತಾನೇ ಓದಿ ಪಂಡಿತನಾದ ಮನುಷ್ಯ ಅವನು. ತಂತಿಯ ಸುತ್ತ ಕಾಂತತೆಯನ್ನು ಹೆಚ್ಚಿಸಿದರೆ ಸಂದೇಶ ಕಲಸದೆ ಹೋಗುವುದೆಂದು 1887ರ ಸುಮಾರಿಗೆ ಅವನು ತೋರಿಸಿದನು. ಡೆನ್ಮಾರ್ಕಿನ ಕ್ರಾರುಪ್ ಎಂಬವನು 1902ರಲ್ಲಿ ತಾಮ್ರದ ತಂತಿಗೆ ಕಬ್ಬಿಣದ ತಂತಿಯನ್ನು ಒತ್ತಾಗಿ ಸುತ್ತಿ ನೋಡಿದನು. ಹತ್ತಿರದ ಊರುಗಳ ಟೆಲಿಫೋನಿಗೆ ಅದು ನೆರವಾಯಿತು. ಸಾವಿರಾರು ಮೈಲಿ ದೂರದ ತಂತಿಯಲ್ಲಿ ಹರಿಯುವ ಕ್ಷೀಣ ವಿದ್ಯುತ್ತಿಗೆ ಮಾತ್ರ ಕಬ್ಬಿಣ ಬಗ್ಗಲಿಲ್ಲ. ಮೆಲ್ಲಗೆ ಮುಟ್ಟಿದರೆ ಅಲುಗುವ ಲೋಹವೊಂದು ಬೇಕಾಯಿತು.

ಅದನ್ನು ಕಂಡುಹಿಡಿದವನು ಗುಸ್ತಾಫ್ ಎಲ್ಮೆನ್. ಸ್ವೀಡನ್ನಿನಲ್ಲಿ 1876ರಲ್ಲಿ ಹುಟ್ಟಿ ಅಮೆರಿಕಕ್ಕೆ ವಲಸೆ ಹೋದವನು. ನೆಬ್ರಾಸ್ಕ ವಿಶ್ವವಿದ್ಯಾಲಯದಲ್ಲಿ ಓದಿ, ಟೆಲಿಫೋನ್ ಸಾಮಗ್ರಿಗಳ ಸಂಶೋಧನಾಲಯದಲ್ಲಿ ಕೆಲಸಕ್ಕೆ ನಿಂತವನು. ನಿಕ್ಕಲು ಮತ್ತು ಕಬ್ಬಿಣವನ್ನು ಬೇರೆ ಬೇರೆ ಪ್ರಮಾಣದಲ್ಲಿ ಬೆರೆಸಿ, ಬೇರೆ ಬೇರೆ ಬಗೆಯಲ್ಲಿ ಕಾಯಿಸಿ, ಒಂದೊಂದನ್ನೂ ಅಳೆಯುತ್ತ ಹೋದನು. 1914ರ ಸುಮಾರಿಗೆ ಆರಂಭವಾದ ಈ ತಾಳ್ಮೆಯ ಕೆಲಸದ ಫಲವಾಗಿ, ನೂರರಲ್ಲಿ ಸುಮಾರು 78.5 ಪಾಲು ನಿಕ್ಕಲು, 21.5 ಪಾಲು ಕಬ್ಬಿಣವಿರುವ ಮಿಶ್ರಣವು ಆಶ್ಚರ್ಯಕರ ಗುಣವುಳ್ಳದ್ದೆಂದು ಕಂಡುಬಂತು. ಅದಕ್ಕೆ ಪರ್ಮಲಾಯ್ ಎಂದು ಹೆಸರಾಯಿತು. ಅದರ ಆರಂಭದ ಪಾರಗಮ್ಯತೆ 8,000ಕ್ಕೂ ಮಿಕ್ಕಿದ್ದು; ಗರಿಷ್ಠವು ಒಂದು ಲಕ್ಷದ ಆಸುಪಾಸು. 1923ರಲ್ಲಿ ಆರ್ನಲ್ಡ್ ಮತ್ತು ಎಲ್ಮೆನ್ ಇದರ ವಿವರವನ್ನು ಪ್ರಕಟಿಸಿದರು. 1924ರಲ್ಲಿ ನ್ಯೂಯಾರ್ಕಿನಿಂದ ಅಜೋರ್ಸ್ ದ್ವೀಪಗಳಿಗೆ ಹಾಸಿದ ತಂತಿಗೆ ಪರ್ಮಲಾಯ್ ಪಟ್ಟಿಯನ್ನು ಸುತ್ತಿದ್ದರು. ಹಳೆಯ ತಂತಿಗಳಿಗಿಂತ ಅದು ಹಲವು ಪಟ್ಟು ವೇಗವಾಗಿ ಸಂದೇಶ ಒಯ್ದಿತು.

ಅದೇ ಸಮಯದಲ್ಲಿ ಲಂಡನ್ನಿನ ತಂತಿ ತಯಾರಕರ ಕಡೆಯಿಂದ ಸ್ಮಿತ್ ಮತ್ತು ಗಾರ್ನೆಟ್ ಎಂಬ ಇಬ್ಬರು ಇದೇ ಮಿಶ್ರಣಕ್ಕೆ ತಾಮ್ರವನ್ನೂ ಸೇರಿಸಿ ಮ್ಯೂ-ಮೆಟಲ್ ಎಂಬುದನ್ನು ಸಿದ್ಧಪಡಿಸಿದರು. ಪಾರಗಮ್ಯತೆಗೆ ಭೌತಶಾಸ್ತ್ರಜ್ಞರು ಬಳಸುವ ಗ್ರೀಕ್ ಅಕ್ಷರವೇ 'ಮ್ಯೂ'. ಮುಂದೆ 1947ರಲ್ಲಿ ಬೂತ್‌ಬಿ ಮತ್ತು ಬೋಜಾರ್ತ್ ಎಂಬವರು ನಿಕ್ಕಲು 79, ಮಾಲಿಬ್ಡಿನಮ್ 5, ಉಳಿದುದು ಕಬ್ಬಿಣ ಎಂಬ ಪ್ರಮಾಣದಲ್ಲಿ ಸೂಪರ್‌ಮಲಾಯ್ ತಯಾರಿಸಿದರು. ಅದರ ಆರಂಭದ ಪಾರಗಮ್ಯತೆಯೇ ಒಂದು ಲಕ್ಷದ ಹತ್ತಿರ. ಗರಿಷ್ಠವು ಎಂಟರಿಂದ ಹತ್ತು ಲಕ್ಷ.

ಗುಟ್ಟು ಎಲ್ಲಿದೆ?

ಈಗ ಒಂದು ಪ್ರಶ್ನೆ ಏಳುತ್ತದೆ. ಶುದ್ಧ ನಿಕ್ಕಲಿನ ಪಾರಗಮ್ಯತೆ ಕಬ್ಬಿಣಕ್ಕಿಂತ ಹೆಚ್ಚೇನಲ್ಲ. ಎರಡು ಸಾಧಾರಣ ಲೋಹಗಳು ಕೂಡಿ ಅಸಾಧಾರಣವಾದುದು ಹುಟ್ಟಿದುದು ಹೇಗೆ?

ಕಬ್ಬಿಣದಂತಹ ಲೋಹದೊಳಗೆ ಅಣುಗಳು ಒಂದೊಂದೂ ಪುಟ್ಟ ಅಯಸ್ಕಾಂತಗಳೇ. ಅವು ಗುಂಪು ಗುಂಪಾಗಿ ಒಂದೇ ಕಡೆಗೆ ಮುಖ ಮಾಡಿ ನಿಂತಿರುತ್ತವೆ. ಒಂದೊಂದು ಗುಂಪನ್ನು ಒಂದು ಪ್ರಾಂತವೆಂದು ಕರೆಯಬಹುದು. ಇಂತಹ ಪ್ರಾಂತಗಳಿರಬೇಕೆಂದು ಫ್ರಾನ್ಸಿನ ವೈಸ್ 1907ರಲ್ಲಿ ಊಹಿಸಿದನು. ಒಂದು ಪ್ರಾಂತ ಮೂಡಕ್ಕೆ ಮುಖ ಮಾಡಿದ್ದರೆ ಪಕ್ಕದ್ದು ಪಡುವಕ್ಕೆ ಮಾಡಿರುತ್ತದೆ. ಹೀಗಾಗಿ ಒಟ್ಟಿನಲ್ಲಿ ಲೋಹದ ತುಂಡು ಅಯಸ್ಕಾಂತವೆಂದು ತೋರುವುದಿಲ್ಲ. ಹೊರಗಿನಿಂದ ಕಾಂತಕ್ಷೇತ್ರ ಬಂದಾಗ ಅದಕ್ಕೆ ಒಪ್ಪುವ ಪ್ರಾಂತಗಳು ಬೆಳೆಯುತ್ತವೆ, ಒಪ್ಪದವು ಕುಗ್ಗುತ್ತವೆ. ಅಂದರೆ ಪ್ರಾಂತಗಳ ನಡುವಿನ ಗಡಿಗಳು ಸರಿಯುತ್ತವೆ. ಗಡಿಗಳು ಸಲೀಸಾಗಿ ಸರಿದರೆ ಪಾರಗಮ್ಯತೆ ಹೆಚ್ಚು, ತಡವರಿಸಿದರೆ ಕಡಿಮೆ.

ಗಡಿಗಳಿಗೆ ಅಡ್ಡ ಬರುವ ಮುಖ್ಯ ಕಾರಣಗಳು ಎರಡು. ಒಂದನೆಯದು, ಪ್ರತಿಯೊಂದು ಲೋಹದ ಸ್ಫಟಿಕಕ್ಕೂ ತನ್ನದೇ ಆದ ಇಷ್ಟದ ದಿಕ್ಕು ಇರುವುದು. ಕಬ್ಬಿಣದ ಸ್ಫಟಿಕವನ್ನು ಒಂದು ಚೌಕದ ಪೆಟ್ಟಿಗೆಯೆಂದು ಭಾವಿಸಿದರೆ, ಅದರ ಅಂಚುಗಳ ದಿಕ್ಕಿನಲ್ಲಿ ಅಣುಗಳು ಮುಖ ಮಾಡಲು ಬಯಸುತ್ತವೆ. ನಿಕ್ಕಲಿನಲ್ಲಿ ಮೂಲೆಯಿಂದ ಎದುರು ಮೂಲೆಗೆ ಹೋಗುವ ಕರ್ಣದ ದಿಕ್ಕು ಇಷ್ಟ. ಎರಡನೆಯದು, ಕಾಂತಗೊಳ್ಳುವಾಗ ಲೋಹದ ಉದ್ದವೇ ಕೂದಲೆಳೆಯಷ್ಟು ಬದಲಾಗುವುದು. ಕಬ್ಬಿಣ ಮೊದಲು ಸ್ವಲ್ಪ ಹಿಗ್ಗುತ್ತದೆ, ನಿಕ್ಕಲು ಕುಗ್ಗುತ್ತದೆ. ಈ ಹಿಗ್ಗು ಕುಗ್ಗುಗಳಿಂದ ಲೋಹದೊಳಗೆ ಸೆಳೆತ ಉಂಟಾಗಿ ಗಡಿಗಳು ಸಿಕ್ಕಿಬೀಳುತ್ತವೆ.

ಮಿಶ್ರಲೋಹದಲ್ಲಿ ನಿಕ್ಕಲಿನ ಪ್ರಮಾಣ ಏರುತ್ತ ಹೋದಂತೆ ಈ ಎರಡು ಗುಣಗಳೂ ಒಂದು ಬದಿಯಿಂದ ಇನ್ನೊಂದು ಬದಿಗೆ ಹೊರಳುತ್ತವೆ. ಹೊರಳುವಾಗ ನಡುವೆ ಒಂದೆಡೆ ಸೊನ್ನೆಯನ್ನು ದಾಟಲೇ ಬೇಕಷ್ಟೆ. ದಿಕ್ಕಿನ ಪಕ್ಷಪಾತವು ನಿಕ್ಕಲು ಸುಮಾರು 75 ಪಾಲಿರುವಲ್ಲಿ ಸೊನ್ನೆಯಾಗುತ್ತದೆ. ಹಿಗ್ಗು ಕುಗ್ಗುವಿಕೆಯು ಸುಮಾರು 81 ಪಾಲಿರುವಲ್ಲಿ. ಎರಡೂ ಅತ್ಯಲ್ಪವಾಗಿರುವ ಜಾಗ ಈ ಎರಡರ ನಡುವೆ ಇದೆ. ಎಲ್ಮೆನ್ ಅಳೆದು ಅಳೆದು ತಲುಪಿದ 78.5 ಎಂಬ ಸಂಖ್ಯೆಯ ಅರ್ಥ ಇದೇ. ಕಾರಣವನ್ನು ವಿಜ್ಞಾನಿಗಳು ಅವನ ತರುವಾಯ ಬಿಡಿಸಿದರು. ಕೈ ಮೊದಲು ಕಂಡದ್ದನ್ನು ಬುದ್ಧಿ ಆಮೇಲೆ ಅರಿಯಿತು.

ಇದೇ ಎರಡು ಲೋಹಗಳನ್ನು ಬೇರೆ ಪ್ರಮಾಣದಲ್ಲಿ ಬೆರೆಸಿದರೆ ಬೇರೆ ಗುಣಗಳು ಬರುತ್ತವೆ. ನಿಕ್ಕಲು 36 ಪಾಲಾದರೆ ಬಿಸಿಗೆ ಹಿಗ್ಗದ ಇನ್ವಾರ್ ಆಗುತ್ತದೆ. ಅದನ್ನು 1896ರಲ್ಲಿ ಕಂಡುಹಿಡಿದ ಗಿಯೋಂ ಎಂಬವನಿಗೆ 1920ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ನಿಕ್ಕಲು 50 ಪಾಲಿನಷ್ಟಾದರೆ ಪಾರಗಮ್ಯತೆ ಪರ್ಮಲಾಯ್‌ಗಿಂತ ಕಡಿಮೆ. ಆದರೆ ಹೆಚ್ಚು ಕಾಂತತೆಯನ್ನು ಹೊರುವ ಶಕ್ತಿ ಬರುತ್ತದೆ. ಶುದ್ಧ ಕಬ್ಬಿಣ ಹೊರಬಲ್ಲ ಕಾಂತತೆ ಸುಮಾರು 2.15 ಟೆಸ್ಲಾ, 50 ಪಾಲಿನ ಮಿಶ್ರಣ ಹೊರಬಲ್ಲುದು ಸುಮಾರು 1.6, ಪರ್ಮಲಾಯ್ ಹೊರಬಲ್ಲುದು ಸುಮಾರು 1.1, ಸೂಪರ್‌ಮಲಾಯ್ ಇನ್ನೂ ಕಡಿಮೆ. ಸೂಕ್ಷ್ಮವಾಗಿ ಸ್ಪಂದಿಸುವುದು ಹೆಚ್ಚು ಭಾರ ಹೊರಲಾರದು. ಆದುದರಿಂದಲೇ ನಮ್ಮ ಊರಿನ ವಿದ್ಯುತ್ ಕಂಬದ ಟ್ರಾನ್ಸ್‌ಫಾರ್ಮರಿನೊಳಗೆ ಸಿಲಿಕಾನ್ ಬೆರೆತ ಉಕ್ಕಿನ ತಗಡುಗಳಿರುತ್ತವೆಯೇ ಹೊರತು ಪರ್ಮಲಾಯ್ ಇರುವುದಿಲ್ಲ. ಒಂದೊಂದು ಕೆಲಸಕ್ಕೂ ತಕ್ಕ ಲೋಹವನ್ನು ಆರಿಸುವುದೇ ಜಾಣತನ.

ಕುಲುಮೆಯ ಪಾಠ

ಪ್ರಮಾಣ ತಿಳಿದ ಮಾತ್ರಕ್ಕೆ ಲೋಹ ಸಿದ್ಧವಾಗುವುದಿಲ್ಲ. ಇಲ್ಲಿಯೇ ಈ ವಿಷಯದ ನಿಜವಾದ ಸ್ವಾರಸ್ಯವಿರುವುದು. ನಮ್ಮ ಊರಿನ ಆಚಾರಿಯವರು ಕತ್ತಿಯನ್ನು ಕೆಂಪಗೆ ಕಾಯಿಸಿ, ಬಡಿದು, ಬಾಯಿಯನ್ನು ನೀರಿನಲ್ಲಿ ಅದ್ದಿ ಗಡುಸು ಮಾಡುವುದನ್ನು ನಾವೆಲ್ಲ ನೋಡಿದ್ದೇವೆ. ಅವರಿಗೆ ಬೇಕಾದುದು ಲೋಹದೊಳಗಿನ ಬಿಗಿತ. ಕಾಂತಲೋಹಕ್ಕೆ ಬೇಕಾದುದು ಇದಕ್ಕೆ ತೀರ ವಿರುದ್ಧ. ಒಳಗೆ ಎಲ್ಲಿಯೂ ಬಿಗಿತವಿರಬಾರದು. ಇಂಗಾಲ, ಗಂಧಕ, ಆಮ್ಲಜನಕಗಳ ಕಲ್ಮಶವಿರಬಾರದು. ಸ್ಫಟಿಕದ ಕಣಗಳು ದೊಡ್ಡವಾಗಿ, ನೆಮ್ಮದಿಯಾಗಿ ಬೆಳೆದಿರಬೇಕು. ಇಂತಹ ಲೋಹಕ್ಕೆ ಮೃದುಕಾಂತ ಲೋಹವೆಂದು ಹೆಸರು.

ಮೊದಲ ಪರ್ಮಲಾಯ್‌ಯನ್ನು ಸುಮಾರು 900 ಡಿಗ್ರಿ ಸೆಂಟಿಗ್ರೇಡಿಗೆ ಕಾಯಿಸಿ ಮೆಲ್ಲಗೆ ತಣಿಸುತ್ತಿದ್ದರು. ಬಳಿಕ ಪುನಃ 600 ಡಿಗ್ರಿಗೆ ಕಾಯಿಸಿ, ತಾಮ್ರದ ಹಲಗೆಯ ಮೇಲಿಟ್ಟು ಗಾಳಿಯಲ್ಲಿ ಬೇಗನೆ ತಣಿಸುತ್ತಿದ್ದರು. ಬೇಗನೆ ತಣಿಸುವುದೇಕೆ? ನಿಧಾನವಾಗಿ ತಣಿದರೆ ಸುಮಾರು 500 ಡಿಗ್ರಿಯ ಕೆಳಗೆ ನಿಕ್ಕಲು ಮತ್ತು ಕಬ್ಬಿಣದ ಅಣುಗಳು ಮೂರಕ್ಕೆ ಒಂದರಂತೆ ಒಂದು ಕ್ರಮದಲ್ಲಿ ಕುಳಿತುಬಿಡುತ್ತವೆ. ಆಗ ಸೊನ್ನೆಯಾಗಿದ್ದ ದಿಕ್ಕಿನ ಪಕ್ಷಪಾತವು ಮತ್ತೆ ತಲೆಯೆತ್ತುತ್ತದೆ. ಮಾಲಿಬ್ಡಿನಮ್ ಸೇರಿಸಿದರೆ ಈ ಕ್ರಮಗೊಳ್ಳುವಿಕೆ ನಿಧಾನವಾಗುತ್ತದೆ, ತಣಿಸುವವನಿಗೆ ಬಿಡುವು ಸಿಗುತ್ತದೆ. ಅಷ್ಟೇ ಅಲ್ಲದೆ ಲೋಹದ ವಿದ್ಯುತ್ ರೋಧ ಮೂರು ಪಟ್ಟಿಗೂ ಹೆಚ್ಚಾಗುವುದರಿಂದ, ಬದಲಾಗುವ ಕಾಂತಕ್ಷೇತ್ರದಲ್ಲಿ ಲೋಹದೊಳಗೇ ಸುತ್ತುವ ಸುಳಿ ವಿದ್ಯುತ್ತು ಕಡಿಮೆಯಾಗಿ ವ್ಯರ್ಥ ಬಿಸಿಯೂ ತಗ್ಗುತ್ತದೆ.

ಮ್ಯೂ-ಮೆಟಲನ್ನು ಬೇಕಾದ ಆಕಾರಕ್ಕೆ ತಂದ ಮೇಲೆ, ಒಣ ಜಲಜನಕ ತುಂಬಿದ ಕುಲುಮೆಯಲ್ಲಿ 1,100 ಡಿಗ್ರಿಗಿಂತ ಹೆಚ್ಚಿನ ಶಾಖದಲ್ಲಿ ಗಂಟೆಗಟ್ಟಲೆ ಇಡಬೇಕು. ಜಲಜನಕವು ಕಲ್ಮಶಗಳನ್ನು ಹೊತ್ತೊಯ್ಯುತ್ತದೆ. ಈ ಒಂದು ಸಂಸ್ಕಾರದಿಂದ ಪಾರಗಮ್ಯತೆ ಹತ್ತಾರು ಪಟ್ಟು ಏರುತ್ತದೆ. ಹೀಗೆ ಸಿದ್ಧವಾದ ತುಂಡನ್ನು ಆಮೇಲೆ ಬಗ್ಗಿಸಿದರೆ, ಬಡಿದರೆ, ನೆಲಕ್ಕೆ ಬೀಳಿಸಿದರೆ ಗುಣ ಕೆಡುತ್ತದೆ. ಕಣ್ಣಿಗೆ ಏನೂ ಆಗಿಲ್ಲವೆಂದು ತೋರಿದರೂ ಅಳತೆಯಲ್ಲಿ ತಿಳಿಯುತ್ತದೆ. ಮತ್ತೆ ಕುಲುಮೆಗೆ ಹಾಕದೆ ಗತಿಯಿಲ್ಲ.

ಬಳೆಯ ಲೆಕ್ಕ

ಈಗ ತಂದೆಯವರ ಪ್ರಶ್ನೆಗೆ ಬರೋಣ. ವಯರಿಂಗ್ ಕೆಲಸದವರು ಈಎಲ್‌ಸಿಬಿ ಅಥವಾ ಆರ್‌ಸಿಸಿಬಿ ಎಂದು ಕರೆಯುವ ರಕ್ಷಣಾ ಸ್ವಿಚ್ಚಿನೊಳಗೆ ಫೇಸ್ ತಂತಿ, ನ್ಯೂಟ್ರಲ್ ತಂತಿ ಎರಡೂ ಒಂದು ಲೋಹದ ಬಳೆಯ ಮೂಲಕ ಹಾದು ಹೋಗುತ್ತವೆ. ಒಂದರಲ್ಲಿ ಹೋದ ವಿದ್ಯುತ್ತು ಇನ್ನೊಂದರಲ್ಲಿ ಮರಳುವುದರಿಂದ ಎರಡರ ಕಾಂತಪ್ರಭಾವವೂ ಪರಸ್ಪರ ಕಳೆದುಹೋಗಿ ಬಳೆಯಲ್ಲಿ ಏನೂ ಉಳಿಯುವುದಿಲ್ಲ. ಯಾರಾದರೂ ಒದ್ದೆ ನೆಲದಲ್ಲಿ ನಿಂತು ಕೆಟ್ಟ ಪಂಪಿನ ಮೈಯನ್ನು ಮುಟ್ಟಿದರೆ, ವಿದ್ಯುತ್ತಿನ ಒಂದಂಶ ಅವರ ಮೈಮೂಲಕ ಭೂಮಿಗೆ ಇಳಿಯುತ್ತದೆ. ಅಷ್ಟು ವಿದ್ಯುತ್ತು ಬಳೆಯ ಮೂಲಕ ಮರಳಿ ಬರುವುದಿಲ್ಲ. ಆ ಲೆಕ್ಕದ ವ್ಯತ್ಯಾಸವನ್ನು ಬಳೆ ಗುರುತಿಸಬೇಕು. ಅದರ ಮೇಲೆ ಸುತ್ತಿದ ಇನ್ನೊಂದು ತಂತಿಯಲ್ಲಿ ವಿದ್ಯುತ್ತು ಹುಟ್ಟಿ ಸ್ವಿಚ್ಚನ್ನು ಬೀಳಿಸಬೇಕು.

ಮನೆಗಳಿಗೆ ಹಾಕುವ ಸ್ವಿಚ್ಚು 30 ಮಿಲಿ ಆಂಪಿಯರ್ ಸೋರಿಕೆಗೆ, ಸೆಕೆಂಡಿನ ಹತ್ತರಲ್ಲಿ ಮೂರು ಪಾಲಿನೊಳಗೆ ಬೀಳಬೇಕೆಂಬುದು ನಿಯಮ. ಬಳೆಯ ಸುತ್ತಳತೆ 6 ಸೆಂಟಿಮೀಟರ್ ಎಂದಿಟ್ಟುಕೊಳ್ಳೋಣ. 0.03 ಆಂಪಿಯರನ್ನು 0.06 ಮೀಟರಿನಿಂದ ಭಾಗಿಸಿದರೆ ಬಳೆಯೊಳಗಿನ ಕಾಂತಕ್ಷೇತ್ರ ಮೀಟರಿಗೆ ಅರ್ಧ ಆಂಪಿಯರ್. ಇದು ಎಷ್ಟು ಅಲ್ಪವೆಂದು ತಿಳಿಯಲು ಭೂಮಿಯ ಕಾಂತಕ್ಷೇತ್ರವನ್ನು ನೆನೆಯಬಹುದು. ನಮ್ಮ ಕರಾವಳಿಯಲ್ಲಿ ಅದು ಸುಮಾರು 40 ಮೈಕ್ರೊ ಟೆಸ್ಲಾ, ಅಂದರೆ ಮೀಟರಿಗೆ ಸುಮಾರು 32 ಆಂಪಿಯರಿಗೆ ಸಮ. ದಿಕ್ಸೂಚಿಯ ಮುಳ್ಳನ್ನು ತಿರುಗಿಸುವ ಭೂಮಿಯ ಆ ಸಣ್ಣ ಬಲದ ಅರುವತ್ತರಲ್ಲಿ ಒಂದು ಪಾಲೂ ಇಲ್ಲದ ಸುಳಿವಿನಿಂದ ಒಂದು ಜೀವ ಉಳಿಯಬೇಕು! ಪಾರಗಮ್ಯತೆ 200 ಇರುವ ಸಾದಾ ಕಬ್ಬಿಣದ ಬಳೆಯಲ್ಲಿ ಇದರಿಂದ ಹುಟ್ಟುವ ಕಾಂತತೆ ಸುಮಾರು 0.00013 ಟೆಸ್ಲಾ. 50,000 ಪಾರಗಮ್ಯತೆಯ ನಿಕ್ಕಲು-ಕಬ್ಬಿಣದ ಬಳೆಯಲ್ಲಿ ಸುಮಾರು 0.03 ಟೆಸ್ಲಾ. ಇನ್ನೂರೈವತ್ತು ಪಟ್ಟು ಹೆಚ್ಚು. ಸಾದಾ ಕಬ್ಬಿಣ ಹಾಕಿದರೆ ಯಾಕೆ ಆಗುವುದಿಲ್ಲವೆಂಬುದಕ್ಕೆ ಇದೇ ಉತ್ತರ. ಸಾದಾ ಕಬ್ಬಿಣಕ್ಕೂ ಆ ಸುಳಿವು ತಲುಪುತ್ತದೆ, ಆದರೆ ಸ್ವಿಚ್ಚನ್ನು ಎಬ್ಬಿಸುವಷ್ಟು ಗಟ್ಟಿಯಾಗಿ ಅದು ಮರುನುಡಿಯಲಾರದು.

ಈ ಸ್ವಿಚ್ಚು ಸರ್ವರಕ್ಷಕವಲ್ಲವೆಂಬುದನ್ನೂ ಹೇಳಬೇಕು. ಒಣ ಹಲಗೆಯ ಮೇಲೆ ನಿಂತು ಎರಡು ತಂತಿಗಳನ್ನೂ ಎರಡು ಕೈಗಳಲ್ಲಿ ಹಿಡಿದವನನ್ನು ಅದು ಕಾಯಲಾರದು. ಅಲ್ಲಿ ಹೋದಷ್ಟೂ ವಿದ್ಯುತ್ತು ಮರಳುವುದರಿಂದ ಬಳೆಗೆ ವ್ಯತ್ಯಾಸವೇ ಕಾಣುವುದಿಲ್ಲ. ನೆಲಕ್ಕೆ ಸರಿಯಾದ ಅರ್ತಿಂಗ್ ಇರಬೇಕಾದುದೂ ಅವಶ್ಯ. ಆದರೂ ಜೂನಿನಿಂದ ಸೆಪ್ಟೆಂಬರದ ವರೆಗೆ ಗೋಡೆ, ನೆಲ, ಬಟ್ಟೆ ಎಲ್ಲವೂ ಒದ್ದೆಯಾಗಿರುವ ನಮ್ಮ ನಾಡಿನಲ್ಲಿ ಇದು ಐಶ್ವರ್ಯದ ಸಾಧನವಲ್ಲ, ಅಗತ್ಯದ ಸಾಧನ.

ಬೆಂಗಳೂರಿನಿಂದ ಸೂರ್ಯನ ಕಡೆಗೆ

ಇದೇ ಗುಣದ ಲೋಹ ನಮ್ಮ ರಾಜ್ಯದಲ್ಲಿ ಇನ್ನೂ ಎರಡು ಕಡೆ ಮಾಡುವ ಕೆಲಸವನ್ನು ಹೇಳದಿದ್ದರೆ ಲೇಖನ ಅಪೂರ್ಣವಾದೀತು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಮಿದುಳಿನ ಕಾಂತತೆಯನ್ನು ಅಳೆಯುವ ಯಂತ್ರವಿದೆ. ಮೂರ್ಛೆರೋಗದ ಮೂಲ ಮಿದುಳಿನ ಯಾವ ಭಾಗದಲ್ಲಿದೆಯೆಂದು ಶಸ್ತ್ರಚಿಕಿತ್ಸೆಗೆ ಮುನ್ನ ತಿಳಿಯಲು ಇಂತಹ ಯಂತ್ರ ಸಹಾಯಕ. ಮಿದುಳಿನ ಕಾಂತಕ್ಷೇತ್ರವು ಭೂಮಿಯ ಕಾಂತಕ್ಷೇತ್ರದ ಸುಮಾರು ನಲವತ್ತು ಕೋಟಿಯಲ್ಲಿ ಒಂದು ಪಾಲಿನಷ್ಟು. ಹೊರಗೆ ಒಂದು ಕಾರು ಹಾದುಹೋದರೂ, ಲಿಫ್ಟು ಏರಿದರೂ ಆ ಕ್ಷೀಣ ದನಿ ಮುಳುಗಿಹೋಗುವುದು. ಆದುದರಿಂದ ಇಂತಹ ಯಂತ್ರಗಳನ್ನು ಮ್ಯೂ-ಮೆಟಲ್ ಜಾತಿಯ ತಗಡುಗಳನ್ನು ಪದರ ಪದರವಾಗಿ ಹೊದಿಸಿದ ಕೋಣೆಯೊಳಗೆ ಇಡುತ್ತಾರೆ. ಮನೆಯ ಸುತ್ತ ಕಣಿ ತೋಡಿದರೆ ಗುಡ್ಡದ ನೀರು ಒಳಗೆ ನುಗ್ಗದೆ ಸುತ್ತು ಬಳಸಿ ಹೋಗುವುದಲ್ಲವೇ? ಹೊರಗಿನ ಕಾಂತರೇಖೆಗಳೂ ಹಾಗೆಯೇ ಗೋಡೆಯೊಳಗೇ ಹರಿದು ಆಚೆಗೆ ಹೋಗುತ್ತವೆ.

ಇನ್ನೊಂದು ಬಾಹ್ಯಾಕಾಶದಲ್ಲಿದೆ. ಕಾಂತತೆಯನ್ನು ಅಳೆಯುವ ಕೆಲಸ ನಮ್ಮ ಪಡುವಣ ಕರಾವಳಿಗೆ ಹೊಸದಲ್ಲ. ಮುಂಬಯಿಯ ಕೊಲಾಬಾದಲ್ಲಿ 1841ರಿಂದ ಭೂಕಾಂತತೆಯನ್ನು ಅಳೆಯುತ್ತಿದ್ದರು. ನಗರದಲ್ಲಿ ವಿದ್ಯುತ್ ಟ್ರಾಮು ಬರುವುದೆಂದಾದಾಗ ಅದರ ಗದ್ದಲ ತಪ್ಪಿಸಲು 1904ರಲ್ಲಿ ಅಲಿಬಾಗಿಗೆ ವೇಧಶಾಲೆಯನ್ನು ಕೊಂಡೊಯ್ದರು. ಮುಂದೆ ಬಂದ ಫ್ಲಕ್ಸ್‌ಗೇಟ್ ಎಂಬ ಸಾಧನದ ಹೃದಯವೇ ಪರ್ಮಲಾಯ್ ಜಾತಿಯ ತಿರುಳು. ಸುತ್ತಿದ ತಂತಿಯಲ್ಲಿ ವಿದ್ಯುತ್ತನ್ನು ಹಿಂದು ಮುಂದಾಗಿ ಹಾಯಿಸಿ ಆ ತಿರುಳನ್ನು ಎರಡೂ ದಿಕ್ಕಿಗೆ ಪೂರ್ಣವಾಗಿ ಕಾಂತಗೊಳಿಸುತ್ತಾರೆ. ಹೊರಗೆ ಯಾವ ಕ್ಷೇತ್ರವೂ ಇಲ್ಲದಿದ್ದರೆ ಎರಡು ದಿಕ್ಕಿನ ಓಲಾಟವೂ ಸರಿಸಮ. ಅಲ್ಪ ಕ್ಷೇತ್ರವಿದ್ದರೂ ಒಂದು ಬದಿಗೆ ಬೇಗ, ಇನ್ನೊಂದು ಬದಿಗೆ ತಡ. ಆ ಅಸಮತೆಯಿಂದ ಕ್ಷೇತ್ರವನ್ನು ಲೆಕ್ಕ ಹಾಕಬಹುದು. 2023ರ ಸೆಪ್ಟೆಂಬರ್ 2ರಂದು ಹಾರಿದ ಆದಿತ್ಯ-ಎಲ್1 ನೌಕೆಯಲ್ಲಿ ಬೆಂಗಳೂರಿನ ಇಸ್ರೋ ಪ್ರಯೋಗಾಲಯವೊಂದು ತಯಾರಿಸಿದ ಫ್ಲಕ್ಸ್‌ಗೇಟ್ ಮಾಪಕಗಳಿವೆ. 15 ಲಕ್ಷ ಕಿಲೋಮೀಟರ್ ದೂರದಲ್ಲಿ, ನೌಕೆಯ ಸ್ವಂತ ಕಾಂತತೆಯ ಸೋಂಕು ತಗಲದಂತೆ 6 ಮೀಟರ್ ಉದ್ದದ ತೋಳನ್ನು 2024ರ ಜನವರಿಯಲ್ಲಿ ಚಾಚಿ ಅವನ್ನು ಹೊರಗಿಟ್ಟಿದ್ದಾರೆ. ಸೂರ್ಯನಿಂದ ಬೀಸಿ ಬರುವ, ಭೂಮಿಯ ಮೇಲಿನದಕ್ಕಿಂತ ಸಾವಿರಾರು ಪಟ್ಟು ಕ್ಷೀಣವಾದ ಕಾಂತತೆಯನ್ನು ಅವು ಅಳೆಯುತ್ತವೆ. ಭಾರತದ ಮೊದಲ ಉಪಗ್ರಹ ಆರ್ಯಭಟವು 1975ರಲ್ಲಿ ಹಾರಿದಾಗ ಅದರ ನಿರ್ಮಾಣದ ಮುಂದಾಳಾಗಿದ್ದವರು 1932ರಲ್ಲಿ ಇಲ್ಲೇ ಅದಮಾರಿನಲ್ಲಿ ಹುಟ್ಟಿದ ಉಡುಪಿ ರಾಮಚಂದ್ರ ರಾಯರು. ಹಳ್ಳಿಯ ಶಾಲೆಯಿಂದ ಆ ಎತ್ತರಕ್ಕೆ ದಾರಿಯಿದೆಯೆಂಬುದನ್ನು ನಾವು ಮರೆಯಬಾರದು.

ಅದಿರು ಮತ್ತು ಅರಿವು

ಅರ್ಥಶಾಸ್ತ್ರದ ವಿದ್ಯಾರ್ಥಿನಿಯಾಗಿ ಕೊನೆಯದಾಗಿ ಒಂದು ಮಾತು. ಕುದುರೆಮುಖದ ಅದಿರನ್ನು ಭೂವಿಜ್ಞಾನಿ ಸಂಪತ್ ಅಯ್ಯಂಗಾರರು 1913ರಲ್ಲಿಯೇ ಗುರುತಿಸಿದ್ದರು. 1976ರಲ್ಲಿ ಕಂಪೆನಿ ಸ್ಥಾಪನೆಯಾಯಿತು. ಅದಿರನ್ನು ಪುಡಿ ಮಾಡಿ, ನೀರಿನಲ್ಲಿ ಕಲಸಿ, 67 ಕಿಲೋಮೀಟರ್ ಉದ್ದದ ಕೊಳವೆಯಲ್ಲಿ ಮಂಗಳೂರಿಗೆ ಹರಿಸಿ ಹಡಗು ಹತ್ತಿಸಿದರು. ಸರ್ವೋಚ್ಚ ನ್ಯಾಯಾಲಯದ ತೀರ್ಪಿನಂತೆ 2005ರ ಕೊನೆಗೆ ಗಣಿ ನಿಂತಿತು. ಗಣಿಯಿಂದ ಅನ್ನ ಸಿಕ್ಕಿತೆನ್ನುವವರೂ, ಕಾಡು ಹೊಳೆಗಳು ಉಳಿದುವೆನ್ನುವವರೂ ನಮ್ಮ ನಡುವೆ ಇದ್ದಾರೆ. ಎರಡೂ ಮಾತಿನಲ್ಲಿ ಸತ್ಯವಿದೆ. ನನ್ನ ಗಮನ ಬೇರೆ ಕಡೆಗೆ. ಬೆಟ್ಟವನ್ನೇ ಅಗೆದು ಕಳುಹಿಸಿದ ಮಣ್ಣಿನ ಬೆಲೆಗೂ, ಬಳೆಯಷ್ಟು ಮಿಶ್ರಲೋಹದ ಬೆಲೆಗೂ ತೂಕದಲ್ಲಿ ಹೋಲಿಕೆಯೇ ಇಲ್ಲ. ವ್ಯತ್ಯಾಸ ಲೋಹದಲ್ಲಿಲ್ಲ, ಅಳೆಯುವ, ಕಾಯಿಸುವ, ತಣಿಸುವ ಅರಿವಿನಲ್ಲಿದೆ. ಬೆಟ್ಟ ಅಗೆದರೆ ತೀರುತ್ತದೆ, ಅರಿವು ಬಳಸಿದಷ್ಟೂ ಬೆಳೆಯುತ್ತದೆ.

ನಮ್ಮ ದೇಶಕ್ಕೆ ಇದು ಅಸಾಧ್ಯವೇನೂ ಅಲ್ಲ. 1923ರಲ್ಲಿ ಭದ್ರಾವತಿಯಲ್ಲಿ ಕಬ್ಬಿಣ ಕರಗಿಸಲಾರಂಭಿಸಿದ ರಾಜ್ಯ ನಮ್ಮದು. 1973ರಲ್ಲಿ ಹೈದರಾಬಾದಿನಲ್ಲಿ ಸ್ಥಾಪಿತವಾದ ಮಿಶ್ರ ಧಾತು ನಿಗಮವು ಮೃದುಕಾಂತ ಲೋಹಗಳನ್ನೂ ತಯಾರಿಸುತ್ತದೆ. ನಿಕ್ಕಲಿಗೆ ಮಾತ್ರ ನಾವು ಬಹುತೇಕ ಹೊರದೇಶಗಳನ್ನೇ ನಂಬಬೇಕಾಗಿದೆ; ಒಡಿಶಾದ ಸುಕಿಂದಾ ಕಣಿವೆಯ ಕ್ರೋಮೈಟ್ ಗಣಿಗಳ ಮೇಲ್ಮಣ್ಣಿನಲ್ಲಿ ಅದು ಇದೆಯಾದರೂ ಬೇರ್ಪಡಿಸುವುದು ಸುಲಭವಲ್ಲ. ಇತ್ತ ಫೆರೈಟ್‌ಗಳೂ, ಗಾಜಿನಂತೆ ಥಟ್ಟನೆ ತಣಿಸಿದ ಲೋಹದ ಪಟ್ಟಿಗಳೂ, 1988ರಲ್ಲಿ ಜಪಾನಿನಲ್ಲಿ ಪ್ರಕಟವಾದ ಅತಿಸೂಕ್ಷ್ಮ ಕಣಗಳ ಮಿಶ್ರಲೋಹವೂ ಪರ್ಮಲಾಯ್‌ಗೆ ಪೈಪೋಟಿಯಾಗಿ ನಿಂತಿವೆ. ನಿಕ್ಕಲು ಬೇಡದ ಅಂತಹ ಲೋಹಗಳಲ್ಲಿ ನಮಗೊಂದು ಅವಕಾಶವಿದೆಯೆಂದು ನನಗೆ ತೋರುತ್ತದೆ.

ನನ್ನೂರಾದ ನಿಟ್ಟೆಯಲ್ಲಿ 1986ರಿಂದ ಇಂಜಿನಿಯರಿಂಗ್ ಕಾಲೇಜಿದೆ. ಸರಕಾರಿ ಕಾಲೇಜಿಗೆ ಬಸ್ಸು ಹಿಡಿಯುವ ನಾವೂ, ಅಲ್ಲಿಗೆ ಬರುವ ವಿದ್ಯಾರ್ಥಿಗಳೂ ಒಂದೇ ರಸ್ತೆಯಲ್ಲಿ ನಡೆದರೂ ಪರಸ್ಪರ ಮಾತನಾಡುವುದು ಕಡಿಮೆ. ಅವರು ಲೋಹದ ಗುಣ ಬಲ್ಲರು; ನಾವು ಬೆಲೆ, ಇತಿಹಾಸ, ಭಾಷೆಗಳನ್ನು ಓದಿದವರು. ಎರಡೂ ಕೂಡಿದರೆ ನಿಕ್ಕಲು ಕಬ್ಬಿಣಗಳು ಕೂಡಿದಂತೆ, ಒಬ್ಬೊಬ್ಬರಲ್ಲಿ ಇಲ್ಲದ ಗುಣವೊಂದು ಹುಟ್ಟೀತು. ವಾರಕ್ಕೊಮ್ಮೆ ಒಂದು ವಿಷಯವನ್ನು ಕನ್ನಡದಲ್ಲಿ ಚರ್ಚಿಸುವ ಕೂಟವನ್ನು ನಮ್ಮ ಕಾಲೇಜಿನಲ್ಲಿ ಆರಂಭಿಸಲು ಅಧ್ಯಾಪಕರು ಅನುವು ಮಾಡಿಕೊಡಬೇಕೆಂದು ವಿನಂತಿಸುತ್ತೇನೆ. ಅದರ ಮೊದಲ ಕಾರ್ಯಕ್ರಮವಾಗಿ ನಾವೆಲ್ಲರೂ ಮಾಡಬಹುದಾದುದು ಒಂದಿದೆ. ರಕ್ಷಣಾ ಸ್ವಿಚ್ಚುಗಳಲ್ಲಿ 'ಟೆಸ್ಟ್' ಎಂಬ ಸಣ್ಣ ಗುಂಡಿಯಿರುತ್ತದೆ. ಅದನ್ನು ಒತ್ತಿದಾಗ ಸ್ವಿಚ್ಚು ಬೀಳಬೇಕು. ಬೀಳದಿದ್ದರೆ ಅದನ್ನು ಬದಲಿಸಬೇಕು. ಮಳೆಗಾಲ ಹಿಡಿಯುವ ಮೊದಲು ನಮ್ಮ ನಮ್ಮ ಮನೆಗಳಲ್ಲಿಯೂ ನೆರೆಮನೆಗಳಲ್ಲಿಯೂ ಆ ಗುಂಡಿಯನ್ನು ಒತ್ತಿ ನೋಡೋಣ, ಸ್ವಿಚ್ಚೇ ಇಲ್ಲದ ಮನೆಗಳ ಪಟ್ಟಿ ಮಾಡೋಣ.